ಮೀನು ತಿರುಗಿಕೊಳ್ಳುವಷ್ಟು ಜಾಗ

ಆ ಟ್ಯಾಂಕಿನ ಉದ್ದ ಮೂರೂವರೆ ಅಡಿ.

ಹೀಗೆ ಬರೆದು, ಎದ್ದು ಹೋಗಿ, ಹಳೆಯ ನೋಟುಬುಕ್ಕು ತೆಗೆದು ನೋಡಿದೆ. ಮೂರು ಅಡಿ ನಾಲ್ಕು ಇಂಚು ಎಂದಿದೆ. ಅಕ್ಷರ ನನ್ನದೇ. ಇಷ್ಟು ವರ್ಷ ಯಾರಿಗೆ ಹೇಳುವಾಗಲೂ ಮೂರೂವರೆ ಎಂದೇ ಹೇಳಿದ್ದೇನೆ. ತಪ್ಪು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನಿಸಿರಲಿಲ್ಲ. ಎರಡು ಇಂಚನ್ನು ನೆನಪು ತಾನಾಗಿಯೇ ಸೇರಿಸಿಕೊಂಡಿದೆ, ಅದೂ ನನಗೆ ಅನುಕೂಲವಾಗುವ ಕಡೆಗೆ. ಮುಂದಿನದನ್ನು ಓದುವಾಗ ಇದು ಗಮನದಲ್ಲಿರಲಿ. ನೋಟುಬುಕ್ಕಿನಲ್ಲಿ ಅಳತೆಗಳಷ್ಟೇ ಇವೆ. ಯಾರು ಏನು ಅಂದರು ಎಂಬುದಕ್ಕೆ ನನ್ನ ತಲೆಯ ಹೊರತು ಬೇರೆ ದಾಖಲೆ ಇಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮುಂಬಯಿಯಲ್ಲಿ ಅಕ್ವೇರಿಯಂ ಕಟ್ಟುವ, ತುಂಬಿಸುವ, ತೊಳೆಯುವ ಕೆಲಸ ಮಾಡಿದವನು ನಾನು. ಊರು ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಕಡೆ. ಸಮುದ್ರ ನೋಡುವ ಮೊದಲೇ ಸಮುದ್ರದ ಮೀನು ನೋಡಿದೆ, ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರದ ಒಂದು ಅಂಗಡಿಯಲ್ಲಿ. ಅಲ್ಲೇ ಕೆಲಸಕ್ಕೆ ಸೇರಿದೆ. ಈಗ ನಿವೃತ್ತನಾಗಿ ಬೊರಿವಲಿಯಲ್ಲಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಆಗಾಗ ಫೋನ್ ಮಾಡುತ್ತಾರೆ. ನೀರಿನ ಉಪ್ಪು, ಪಂಪು, ದೀಪ ಎಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೇಳುವುದು ಒಂದೇ: ಉಪ್ಪುನೀರಿನ ದೊಡ್ಡ ಮೀನಿಗೆ ಎಷ್ಟು ದೊಡ್ಡ ಟ್ಯಾಂಕು ಸಾಕು?

ಕನಿಷ್ಠ ಆರು ಅಡಿ ಉದ್ದ, ಎರಡು ಅಡಿ ಅಗಲ ಎಂದು ಹೇಳಿ ಫೋನ್ ಇಡಬಹುದು. ಆದರೆ ಆ ಪ್ರಶ್ನೆಯ ಕೊನೆಯಲ್ಲಿ ‘ಸಾಕು’ ಎಂಬ ಶಬ್ದವಿದೆ. ನನಗೆ ತೊಂದರೆ ಕೊಟ್ಟದ್ದು ಅದು.

*

ನಾವು ಕೆಲಸ ಕಲಿತ ಕಾಲದಲ್ಲಿ ಟ್ಯಾಂಕಿನ ಗಾತ್ರವನ್ನು ಮೀನು ನಿರ್ಧರಿಸುತ್ತಿರಲಿಲ್ಲ, ಮೆಟ್ಟಿಲು ನಿರ್ಧರಿಸುತ್ತಿತ್ತು.

ಮಾಟುಂಗಾದ ಒಂದು ಹಳೆಯ ಬಿಲ್ಡಿಂಗಿಗೆ ಐದಡಿಯ ಟ್ಯಾಂಕನ್ನು ಆರು ಜನ ಹೊತ್ತುಕೊಂಡು ಹೋದೆವು. ಎರಡನೇ ಮಹಡಿಯ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಮೇಲೆ ಹೋಗಲಿಲ್ಲ, ಕೆಳಗೆ ಬರಲಿಲ್ಲ. ಬಿಲ್ಡಿಂಗಿನವರು ಬಗ್ಗಿ ಅದರ ಕೆಳಗಿನಿಂದ ದಾಟಬೇಕಾಯಿತು. ಸಂತೆಯಿಂದ ಬಂದ ಒಬ್ಬ ಅಜ್ಜಿ ತನ್ನ ಕಾಯಿಪಲ್ಲೆಯ ಚೀಲವನ್ನು ಟ್ಯಾಂಕಿನೊಳಗಿಟ್ಟು, ಗೋಡೆಗೆ ಒರಗಿ ದಣಿವಾರಿಸಿಕೊಂಡು, “ಛಾನ್ ಆಹೇ, ಇಥೇಚ್ ಠೇವಾ,” ಅಂದರು. ಚೆನ್ನಾಗಿದೆ, ಇಲ್ಲೇ ಇಡಿ ಅಂತ. ಕೊನೆಗೆ ಗಾಜಿನ ಸಂದಿನ ಸಿಲಿಕೋನು ಅಂಟನ್ನು ಬ್ಲೇಡಿನಿಂದ ಕೊಯ್ದು ಗಾಜು ಬಿಡಿಸಿ, ಒಂದೊಂದೇ ಮೇಲೆ ಒಯ್ದು, ಹಾಲ್‌ನಲ್ಲಿ ಮತ್ತೆ ಅಂಟಿಸಿದೆವು. ಆ ಮನೆಯಲ್ಲಿ ಎರಡು ದಿನ ಹಸಿ ಅಂಟಿನ ಹುಳಿ ವಾಸನೆ.

ಆಮೇಲೆ ನಾನೊಂದು ಉಪಾಯ ಮಾಡಿದೆ. ತೆಳ್ಳನೆಯ ಕಟ್ಟಿಗೆಯ ಪಟ್ಟಿಗಳಿಂದ ಟ್ಯಾಂಕಿನ ಅಳತೆಗೇ ಒಂದು ಪೊಳ್ಳು ಚೌಕಟ್ಟು ಕಟ್ಟುವುದು, ಗಾಜು ಕೊಯ್ಯುವ ಮೊದಲು ಅದನ್ನು ಒಬ್ಬನೇ ಹೊತ್ತು ಗಿರಾಕಿಯ ಮೆಟ್ಟಿಲು ಹತ್ತುವುದು. ತಿರುವಿನಲ್ಲಿ ಹಾಯುವ ಅತಿ ದೊಡ್ಡ ಚೌಕಟ್ಟು ಯಾವುದೋ ಅದೇ ಟ್ಯಾಂಕು. ನಮ್ಮ ಮಾಲೀಕ ಸೇಠ್‌ಗೆ ಬಹಳ ಹಿಡಿಸಿತು. ಮುಂದೆ ಅಂಗಡಿಯ ಎಲ್ಲರೂ ಹಾಗೇ ಮಾಡಿದರು. ನನ್ನ ಕೆಲಸದ ಬದುಕಿನಲ್ಲಿ ನಾನು ಅತ್ಯಂತ ಹೆಮ್ಮೆಪಟ್ಟ ವಸ್ತು ಆ ಚೌಕಟ್ಟು. ಅದರೊಳಗೆ ಒಂದು ಮೀನು ಇರಬೇಕಾಗುತ್ತದೆ ಎಂಬುದನ್ನು ಯಾರೂ ಯೋಚಿಸಲಿಲ್ಲ, ನಾನೂ.

ಯೋಚಿಸದಿರಲು ಸೇಠ್ ನಮಗೊಂದು ಸಿದ್ಧಾಂತ ಕೊಟ್ಟಿದ್ದರು: ಮೀನಿಗೆ ಎಷ್ಟು ಮನೆ ಕೊಡುತ್ತೀರೋ ಅದು ಅಷ್ಟೇ ಬೆಳೆಯುತ್ತದೆ. ಗಿರಾಕಿ ಅನುಮಾನಪಟ್ಟರೆ, “ಅರೇ ಭಾಯಿ, ಮಛಲೀ ಸಮಝದಾರ್ ಹೈ,” ಅನ್ನುತ್ತಿದ್ದರು. ಮೀನಿಗೆ ತಿಳಿವಳಿಕೆ ಇದೆಯಂತೆ, ಜಾಗ ನೋಡಿಕೊಂಡು ಬೆಳೆಯುತ್ತದಂತೆ. ಅವರನ್ನು ಮೋಸಗಾರ ಎಂದು ಬರೆದರೆ ನನಗೆ ಸುಲಭವಾಗುತ್ತದೆ, ಆದರೆ ಅವರು ಅಂಥವರಲ್ಲ. ಮೀನುಗಳಿಗೆ ಹಾಕದೆ ಊಟಕ್ಕೆ ಕೂರುತ್ತಿರಲಿಲ್ಲ. ತಮ್ಮ ಮಾತನ್ನು ನಿಜವಾಗಿ ನಂಬಿದ್ದರು, ಯಾಕೆಂದರೆ ಗುಂಡು ಬೋಗುಣಿಯಲ್ಲಿ ವರ್ಷಗಟ್ಟಲೆ ಮೂರೇ ಇಂಚು ಇರುವ ಮೀನುಗಳನ್ನು ನೋಡಿದ್ದರು. ಬೆಳೆಯಲಾಗದ ಮೀನು ಒಳಗೊಳಗೇ ಕೆಡುತ್ತದೆ, ಒಂದು ದಿನ ಸಾಯುತ್ತದೆ, ಗಿರಾಕಿ ಅದೇ ಅಳತೆಯ ಇನ್ನೊಂದು ತರುತ್ತಾನೆ. ಬೋಗುಣಿಯಲ್ಲಿ ಯಾವಾಗ ನೋಡಿದರೂ ಮೂರಿಂಚಿನ ಮೀನು. ನಾವು ಅದನ್ನು ಒಂದೇ ಮೀನು ಎಂದುಕೊಂಡೆವು.

ಬೇರೆಯವರ ತಪ್ಪು ನನಗೆ ಕಾಣುತ್ತಿತ್ತು. ಒಂದು ಫ್ಲಾಟಿನ ಇಂಟೀರಿಯರ್ ಡಿಸೈನರ್ ಎರಡಡಿ ಉದ್ದ, ಐದಡಿ ಎತ್ತರದ ಟ್ಯಾಂಕು ಬೇಕೆಂದು ಹಟ ಹಿಡಿದರು, ಕಂಬದ ಹಾಗೆ. “ಸರ್, ಮೀನು ಉದ್ದಕ್ಕೆ ಓಡಾಡೋದು. ಮೇಲೆ ಕೆಳಗೆ ಹೋಗೋಕೆ ಅದೇನು ಲಿಫ್ಟಾ?” ಎಂದು ನಾನು ಹಿಂದಿಯಲ್ಲಿ ಹೇಳಿದ್ದೆ. ಅಂಗಡಿಯಲ್ಲಿ ಈ ಮಾತನ್ನು ಬಹಳ ದಿನ ಹೇಳಿಕೊಂಡು ನಕ್ಕರು. ನನಗೆ ಗೊತ್ತಿರಲಿಲ್ಲ ಎಂದು ಮುಂದೆ ಎಲ್ಲಾದರೂ ನಾನು ಬರೆದರೆ ಈ ಲಿಫ್ಟನ್ನು ನೆನಪಿಸಿಕೊಳ್ಳಿ.

*

ಗೋರೆಗಾಂವ್‌ನ ಫಿಲ್ಮ್ ಸಿಟಿಗೆ ನಮ್ಮ ಅಂಗಡಿಯ ಮೀನುಗಳು ಬಾಡಿಗೆಗೆ ಹೋಗುತ್ತಿದ್ದವು. ಖಳನಾಯಕನ ಮನೆ ಎಂದರೆ ಅಕ್ವೇರಿಯಂ ಇರಲೇಬೇಕು ಎಂಬ ಕಾಲ. ಒಂದು ಸೆಟ್ಟಿನಲ್ಲಿ ದೊಡ್ಡ ದೊಡ್ಡ ದೀಪಗಳನ್ನು ಟ್ಯಾಂಕಿನ ಪಕ್ಕಕ್ಕೇ ತಂದಿಟ್ಟಾಗ ನನ್ನಷ್ಟಕ್ಕೆ, “ಮೀನು ಕುದ್ದ ಹೊಕ್ಕಾವು,” ಎಂದು ಗೊಣಗಿದೆ. ಹಿಂದಿನಿಂದ ಯಾರೋ ನಕ್ಕರು.

“ಎಲ್ಯಾಂವಪಾ ನೀ?”

“ಬೈಲಹೊಂಗಲ ಕಡೆಯಾಂವ್ರಿ.”

“ನಾ ಇಂಡಿ ಊರಾಂವ. ಬಡಿಗೇರ ಮಾದೇವ. ಈ ಅರಮನಿ ನಂದ, ನಾಳಿ ಸಂಜಿ ತನಕ.”

ಮಾದೇವಣ್ಣ ಸೆಟ್ಟಿನ ಬಡಗಿ. ಪ್ಲೈವುಡ್ಡಿನಲ್ಲಿ ಅಮೃತಶಿಲೆಯ ಕಂಬ ನಿಲ್ಲಿಸುವ ಕೈ. ಭಾರದ ಯಾವ ವಸ್ತುವನ್ನು ಸೆಟ್ಟಿಗೆ ತರುವ ಮೊದಲೂ, ಪಿಯಾನೊ ಇರಲಿ, ತಿಜೋರಿ ಇರಲಿ, ಅದೇ ಅಳತೆಯ ಒಂದು ಡಮ್ಮಿ ಮಾಡಿ ಇಟ್ಟು ನೋಡುವುದು ಅವನ ಪದ್ಧತಿ. ನನ್ನ ಚೌಕಟ್ಟಿನ ವಿಷಯ ಕೇಳಿ, “ನೀನೂ ನಮ್ಮಾಂವನ,” ಅಂದ. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವನು.

ಆ ಸೆಟ್ಟಿನಲ್ಲಿ ಒಂದು ಎಂಪರರ್ ಮರಿ ಇತ್ತು. ಪೂರ್ತಿ ಹೆಸರು ಎಂಪರರ್ ಏಂಜಲ್. ಮರಿಯಾಗಿದ್ದಾಗ ಅದು ಎರಡೂವರೆ ಇಂಚು; ಕಡುನೀಲಿ ಮೈ, ಮೇಲೆ ಬಿಳಿಯ ಸುತ್ತುಗಳು, ಬಾವಿಗೆ ಹರಳು ಎಸೆದಾಗ ಏಳುವ ಬಳೆಗಳ ಹಾಗೆ. ಮಾದೇವಣ್ಣ ಊಟದ ಡಬ್ಬಿ ಹಿಡಿದುಕೊಂಡು ಬಂದು ಅದರ ಮುಂದೆಯೇ ಕೂತು ಉಂಡ. ಎರಡನೇ ದಿನವೂ ಕೂತ. ಶೂಟಿಂಗ್ ಮುಗಿದ ಮೇಲೆ ಕೇಳಿದ, “ನಮ್ಮ ಮನ್ಯಾಗ ಇಡಾಕ ಬರತೈತೇನು ಇದನ್ನ?”

ಅವನ ಮನೆ ಗೋರೆಗಾಂವ್‌ನಲ್ಲೇ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ. ಒಂದು ಹಾಲ್, ಅಡುಗೆಮನೆ, ಗ್ಯಾಲರಿ ಎನ್ನುವ ಸಣ್ಣ ಬಾಲ್ಕನಿ. ಹಾಲ್‌ನ ಕಿಟಕಿಯ ಕೆಳಗೆ ಅವನ ಹೆಂಡತಿ ಕಸ್ತೂರಿ ಹೊಲಿಗೆ ಯಂತ್ರ ಇಟ್ಟುಕೊಂಡು ಸೀರೆಗೆ ಫಾಲ್ ಹಚ್ಚುತ್ತಿದ್ದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆ. ಚೌಕಟ್ಟು ಹೊತ್ತು ಮೆಟ್ಟಿಲು ಹತ್ತಿದೆ. ನಾಲ್ಕಡಿಯದು ತಿರುವಿನಲ್ಲಿ ನಿಂತುಬಿಟ್ಟಿತು. ಮೂರು ಅಡಿ ನಾಲ್ಕು ಇಂಚಿನದು ಸಲೀಸಾಗಿ ಹಾಯ್ದಿತು.

“ಮೀನಿಗೆ ಇಷ್ಟು ಸಾಕೇನು?” ಎಂದು ವೈನಿ ಕೇಳಿದರು.

“ಸಾಕ್ರಿ,” ಅಂದೆ.

ಆ ಒಂದು ಶಬ್ದ ಹೇಳುವಾಗ ನಾನು ಮೀನನ್ನು ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಚೌಕಟ್ಟನ್ನು ನೋಡುತ್ತಿದ್ದೆ. ಇದೊಂದನ್ನು ನಾನು ಖಚಿತವಾಗಿ ಹೇಳಬಲ್ಲೆ.

*

ಹದಿನೈದು ದಿನಕ್ಕೊಮ್ಮೆ ನೀರು ಬದಲಿಸಲು ಹೋಗುತ್ತಿದ್ದೆ. ಆ ಮನೆಯಲ್ಲಿ ಮಾಂಸಾಹಾರ ಇಲ್ಲ. “ಮೀನು ಸಾಕಿದ್ರೇನಾತು, ನಮ್ಮ ಮನ್ಯಾಗ ಇರಾಂವ ನಮ್ಮಂಗ ಇರ್ಬೇಕು,” ಎಂದು ವೈನಿ ಅದಕ್ಕೆ ಪಾಲಕ್ ಎಲೆ ಕಟ್ಟುತ್ತಿದ್ದರು. ನಾನು ಕೊಟ್ಟ ಕಾಳಿನಂಥ ಒಣ ಆಹಾರವನ್ನೂ ಹಾಕುತ್ತಿದ್ದರು, ಅದರಲ್ಲೇನಿದೆ ಎಂದು ಕೇಳದೆ. ಹೊಲಿಗೆ ಯಂತ್ರ ಶುರುವಾದರೆ ಮೀನು ಆ ಕಡೆಯ ಗಾಜಿಗೆ ಬಂದು ಸೂಜಿಯನ್ನೇ ನೋಡುತ್ತ ನಿಲ್ಲುತ್ತಿತ್ತು.

ಮೂರನೇ ವರ್ಷ ಒಂದು ಸಲ ಹೋದಾಗ ವೈನಿ ಬಾಗಿಲಲ್ಲೇ ತಡೆದರು.

“ಬಸಣ್ಣಾ, ಖರೆ ಹೇಳು. ನಮ್ಮ ಮೀನು ಬದಲಿ ಮಾಡಿಯೇನು?”

ಮೀನಿನ ಬಿಳಿಯ ಸುತ್ತುಗಳು ಕರಗಿ, ಮೈಮೇಲೆ ಹಳದಿ ಪಟ್ಟೆಗಳು ಬಂದಿದ್ದವು. ಎಂಪರರ್ ಹಾಗೆಯೇ. ಮರಿಗೂ ಬೆಳೆದದ್ದಕ್ಕೂ ಸಂಬಂಧವೇ ಇಲ್ಲದಂತೆ ಬಣ್ಣ ಬದಲಾಗುತ್ತದೆ. ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಕೊನೆಗೆ ಎದ್ದು ಹೋಗಿ ಹೊಲಿಗೆ ಯಂತ್ರ ತುಳಿದರು. ಮೀನು ಗಾಜಿಗೆ ಬಂದು ಸೂಜಿ ನೋಡುತ್ತ ನಿಂತಿತು.

“ಹೌದು, ನಮ್ದ ಐತಿ,” ಅಂದರು.

ಬೆಳೆಯುತ್ತಿದೆ ಎಂಬುದು ಆ ದಿನ ನನ್ನ ಕಣ್ಣಿಗೆ ಬಿತ್ತು. ಏಳಿಂಚು ದಾಟಿತ್ತು. ಜಾಗ ನೋಡಿಕೊಂಡು ಬೆಳೆಯುವ ತಿಳಿವಳಿಕೆ ಅದಕ್ಕೆ ಇರಲಿಲ್ಲ.

ಕೆಲವು ತಿಂಗಳ ನಂತರ ಮೀನಿನ ಕಣ್ಣಿನ ಸುತ್ತ ಸಣ್ಣ ಸಣ್ಣ ಕುಳಿಗಳು ಬಿದ್ದವು, ಗೆದ್ದಲು ತಿಂದ ಮರದ ಹಾಗೆ. ಇಡೀ ದಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದು, ತಿರುಗುವುದು, ಮತ್ತೆ ಹೋಗುವುದು. ಉಜ್ಜಿ ಉಜ್ಜಿ ಬಾಲದ ಅಂಚು ಸೀಳಿತ್ತು.

“ಯಾಕ ಹಿಂಗಾತು?” ಎಂದು ವೈನಿ ಕೇಳಿದರು.

ಟ್ಯಾಂಕು ಸಣ್ಣದಾಯಿತು ಎಂದು ನಾನು ಹೇಳಬೇಕಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಯಾವುದು ಎಂದು ಗೊತ್ತಿತ್ತು. “ಊಟ ಕಡಿಮಿ ಬೀಳಾಕತ್ತೈತ್ರಿ. ಪಾಲಕ್ ಒಂದ ಹಾಕಿದ್ರ ಆಗಂಗಿಲ್ಲ. ಸೀಗಡಿ ಬೇಕು,” ಅಂದೆ.

ಪೂರ್ತಿ ಸುಳ್ಳಲ್ಲ. ಊಟ ಕೆಟ್ಟರೂ ಇಂಥ ಕುಳಿಗಳು ಬೀಳುತ್ತವೆ. ಈ ಅರ್ಧ ನಿಜವನ್ನು ನಾನು ಪೂರ್ತಿಯಾಗಿ ಬಳಸಿಕೊಂಡೆ.

ಮುಂದಿನ ಸಲ ನಾನು ಹೋದಾಗ ವೈನಿ ಗ್ಯಾಲರಿಯಲ್ಲಿ ಪೇಪರು ಹಾಸಿ, ಅದರ ಮೇಲೊಂದು ಬೇರೆ ಚಾಕು, ಬೇರೆ ಮಣೆ ಇಟ್ಟಿದ್ದರು. ಹುಟ್ಟಿದಾಗಿನಿಂದ ಅಂಥದ್ದನ್ನು ಮುಟ್ಟದವರು ಮೂಗಿಗೆ ಸೆರಗು ಕಟ್ಟಿಕೊಂಡು ಸೀಗಡಿ ಹೆಚ್ಚುತ್ತಿದ್ದರು. ಹೆಚ್ಚಿ, ಹಾಕಿ, ಸ್ನಾನ ಮಾಡಿ, ಆಮೇಲೆ ಒಲೆಯ ಹತ್ತಿರ ಹೋಗುತ್ತಿದ್ದರು. “ನನ್ನ ಮಡಿ ಕಟ್ಟಿಕೊಂಡು ಅದೇನ್ ಮಾಡ್ತೈತಿ, ಪಾಪ,” ಅಂದರು, ನಗುತ್ತ.

ಎಂಟು ತಿಂಗಳು ಹೀಗೆ ನಡೆಯಿತು. ನಾನು ಪ್ರತಿ ಸಲ ಹೋಗಿ, ಆ ಮಣೆಯನ್ನು ನೋಡಿ, ನೀರು ಬದಲಿಸಿ ಬಂದೆ. ಕುಳಿಗಳು ಮುಚ್ಚಲಿಲ್ಲ.

*

ಒಂದು ರಜೆಯ ದಿನ ಮಧ್ಯಾಹ್ನ ಮಾದೇವಣ್ಣ ಮನೆಯಲ್ಲಿದ್ದ. ನಾನು ಪೈಪು ಹಾಕಿ ನೀರು ಎಳೆಯುತ್ತಿದ್ದಾಗ ಕೇಳಿದ, “ಬಸು, ಇದು ಇನ್ನಾ ಎಷ್ಟು ದೊಡ್ಡದಾಗತೈತಿ?”

ನಾನು ಮೊಣಕೈಯಿಂದ ಮಣಿಕಟ್ಟು ದಾಟಿ ಅಂಗೈಯ ನಡುವಿನವರೆಗೆ ತೋರಿಸಿದೆ. ಅವನು ಟೇಪು ತೆಗೆದು ನನ್ನ ಕೈಯನ್ನೇ ಅಳೆದ. ಹದಿಮೂರು ಇಂಚು. ಗ್ಯಾಲರಿಗೆ ಹೋಗಿ ಒಂದು ಪ್ಲೈವುಡ್ ತುಂಡು ತಂದ, ಪೆನ್ಸಿಲಿನಲ್ಲಿ ಮೀನಿನ ಗೆರೆ ಎಳೆದ, ಸಣ್ಣ ಗರಗಸದಿಂದ ಕೊಯ್ದ. ಅರ್ಧ ಗಂಟೆ ಹಿಡಿದಿರಬೇಕು. ಆ ಅರ್ಧ ಗಂಟೆಯಲ್ಲಿ ನಾನು ನೀರು ಬದಲಿಸುವುದನ್ನು ಎರಡು ಸಲ ಮುಗಿಸಬಹುದಿತ್ತು. ಕೈ ನಡೆಯಲಿಲ್ಲ.

ನನ್ನ ಹಳೆಯ ಚೌಕಟ್ಟು ಆ ಮನೆಯ ಅಟ್ಟದ ಮೇಲೆಯೇ ಉಳಿದಿತ್ತು. ಬಡಗಿ ಕಟ್ಟಿಗೆಯನ್ನು ಬಿಸಾಡುವುದಿಲ್ಲ. ಅದನ್ನು ಇಳಿಸಿ ನೆಲದ ಮೇಲಿಟ್ಟ. ಪ್ಲೈವುಡ್ ಮೀನನ್ನು ಒಳಗಿಟ್ಟು ಹೆಂಡತಿಗೆ ಹೇಳಿದ, “ಇದನ್ನ ಓಡಾಡಿಸು.”

ವೈನಿ ನೆಲಕ್ಕೆ ಕೂತು ಮೀನನ್ನು ಉದ್ದಕ್ಕೆ ತಳ್ಳಿದರು. ಎರಡು ಮೊಳ ಹೋಗುವುದರೊಳಗೆ ಕೊನೆ ಬಂತು. ತಿರುಗಿಸಿದರು, ತಿರುಗಿತು. ಆಮೇಲೆ ಅವರಿಗೇ ಹೊಳೆದು, “ಕಲ್ಲು ಎಲ್ಲಿ?” ಅಂದರು. ಟ್ಯಾಂಕಿನಲ್ಲಿ ಹಿಂದಿನ ಗಾಜಿನ ಉದ್ದಕ್ಕೂ ಕಲ್ಲು ಪೇರಿಸಿರುತ್ತೇವೆ. ಅಡುಗೆಮನೆಯಿಂದ ಸ್ಟೀಲಿನ ಡಬ್ಬಿಗಳನ್ನು ತಂದು ಚೌಕಟ್ಟಿನ ಒಂದು ಬದಿಗೆ ಸಾಲಾಗಿ ಇಟ್ಟರು. ಮತ್ತೆ ಮೀನನ್ನು ತಿರುಗಿಸಿದರು. ಮೂತಿ ಪಟ್ಟಿಗೆ ಬಡಿಯಿತು, ಬಾಲ ಡಬ್ಬಿಗೆ ಬಡಿಯಿತು.

“ನೀ ಟ್ಯಾಂಕಿಂದು ಡಮ್ಮಿ ಮಾಡಿದಿ,” ಮಾದೇವಣ್ಣ ನಿಧಾನವಾಗಿ ಅಂದ. “ಮೀನಿಂದು ಮಾಡಲಿಲ್ಲ.”

ವೈನಿ ಮೀನಿನ ಮೇಲಿಂದ ಕೈ ತೆಗೆಯದೆ ನನ್ನನ್ನು ನೋಡಿದರು. “ಹಂಗಾರ ನಾ ಎಂಟು ತಿಂಗಳು ಸೀಗಡಿ ಹೆಚ್ಚಿದ್ದು ಯಾಕ?”

ನಾನು ಪೈಪು ಸುತ್ತತೊಡಗಿದೆ.

“ನಿನಗ ಗೊತ್ತಿತ್ತೇನು?”

ಇಲ್ಲಿ ನನ್ನ ನೆನಪಿನಲ್ಲಿ ಎರಡು ಉತ್ತರಗಳಿವೆ. ಒಂದರಲ್ಲಿ ನಾನು “ಗೊತ್ತಿತ್ರಿ” ಎಂದು ತಲೆ ತಗ್ಗಿಸುತ್ತೇನೆ. ಇನ್ನೊಂದರಲ್ಲಿ “ಹಿಂಗಾಗತೈತಿ ಅಂತ ಗೊತ್ತಿರಲಿಲ್ರಿ” ಅನ್ನುತ್ತೇನೆ. ಮೊದಲನೆಯದನ್ನು ನಾನು ಹೆಚ್ಚು ಸಲ ನೆನೆದಿದ್ದೇನೆ, ಆದ್ದರಿಂದ ಅದು ಹೆಚ್ಚು ಸ್ಪಷ್ಟವಾಗಿದೆ. ಆದ್ದರಿಂದಲೇ ಅದರ ಮೇಲೆ ನನಗೆ ಭರವಸೆ ಕಡಿಮೆ.

*

ಮೀನನ್ನು ಬಿಟ್ಟುಕೊಡುವ ಮಾತನ್ನು ಇಬ್ಬರೂ ಮೊದಲು ಎತ್ತಲಿಲ್ಲ. ಹಾಲ್‌ನಲ್ಲೇ ಆರಡಿಯ ಟ್ಯಾಂಕು ಮಾಡೋಣ ಎಂದರು. ಗಾಜುಗಳನ್ನು ಬಿಡಿಯಾಗಿ ತಂದು ಅಲ್ಲೇ ಅಂಟಿಸಬಹುದು. ದಿವಾನ್ ತೆಗೆದು ನೆಲದ ಮೇಲೆ ಮಲಗುತ್ತೇವೆ ಎಂದು ವೈನಿ ಹೇಳಿದರು. ನೀರು, ಕಲ್ಲು, ಗಾಜು, ಸ್ಟ್ಯಾಂಡು ಎಲ್ಲ ಕೂಡಿ ಭಾರ ಒಂದು ಟನ್ನಿನ ಹತ್ತಿರ ಬರುತ್ತದೆ, ಕಟ್ಟಡದ ಸೊಸೈಟಿಯನ್ನು ಕೇಳಬೇಕು ಎಂದೆ. ಸೊಸೈಟಿಯ ಸೆಕ್ರೆಟರಿ ಕೆಳಗಿನ ಮನೆಯವರೇ. ಬಂದು, ನೋಡಿ, ನೆಲದ ಕಡೆಗೆ ಕೈ ತೋರಿಸಿ ಮರಾಠಿ ಹಿಂದಿ ಬೆರೆಸಿ ಹೇಳಿದರು: “ಬಡಿಗೇರ್ ಸಾಹೇಬ್, ಏಕ್ ಟನ್ ಸಮುಂದರ್, ಔರ್ ನೀಚೇ ಮಾಝಾ ಪಲಂಗ್?” ಒಂದು ಟನ್ ಸಮುದ್ರ, ಅದರ ಕೆಳಗೆ ತನ್ನ ಮಂಚ. ಅವರನ್ನು ದೂರುವಂತಿರಲಿಲ್ಲ. ಆ ಕಟ್ಟಡದ ಸ್ಲ್ಯಾಬಿನ ವಯಸ್ಸು ನನಗಿಂತ ಹೆಚ್ಚು.

ಘಾಟ್ಕೋಪರ್‌ನಲ್ಲಿ ಹಲ್ಲಿನ ಡಾಕ್ಟರ್ ಒಬ್ಬರ ಕ್ಲಿನಿಕ್ಕಿನಲ್ಲಿ ನಾನೇ ಕಟ್ಟಿದ ಟ್ಯಾಂಕಿತ್ತು. ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ. ಅಷ್ಟು ದೊಡ್ಡದಾಗಿದ್ದಕ್ಕೆ ಕಾರಣ ನನ್ನ ಜಾಣತನವಲ್ಲ, ಕ್ಲಿನಿಕ್ಕು ನೆಲಮಹಡಿಯಲ್ಲಿದ್ದದ್ದು. ಮೆಟ್ಟಿಲೇ ಇರಲಿಲ್ಲ. ಆ ಡಾಕ್ಟರ್ ಹೆಂಗಸು, ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಿದ್ದರು; ಅವರಿಗೆ ಹೇಳಿದಾಗ, ತಂದುಬಿಡಿ ಎಂದರು. ಮೀನನ್ನು ಒಯ್ಯುವ ದಿನ ಮಾದೇವಣ್ಣ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿಬಿಟ್ಟಿದ್ದ. ಎಂಪರರ್‌ಗೆ ಕೆನ್ನೆಯಲ್ಲಿ ಮುಳ್ಳಿರುತ್ತದೆ, ಬಲೆ ಹಾಕಿದರೆ ಸಿಕ್ಕಿಕೊಂಡು ಕಣ್ಣು ಹರಿದುಕೊಳ್ಳುತ್ತದೆ. ಆದ್ದರಿಂದ ನೀರಿನೊಳಗೇ ದಪ್ಪ ಚೀಲ ಮುಳುಗಿಸಿ ಹಿಡಿಯಬೇಕು. ಅದು ನನ್ನ ಕೈಗೆ ಸಿಗಲಿಲ್ಲ. ವೈನಿ ಹೊಲಿಗೆ ಯಂತ್ರ ತುಳಿದರು. ಮೀನು ಸೂಜಿ ನೋಡಲು ಬಂತು, ನಾನು ಚೀಲ ಎತ್ತಿದೆ. ಇದನ್ನು ಬರೆಯಲು ನನಗೆ ಇಷ್ಟವಿರಲಿಲ್ಲ.

ರಿಕ್ಷಾದಲ್ಲಿ ಥರ್ಮೋಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವೈನಿ ಗೋರೆಗಾಂವ್‌ನಿಂದ ಘಾಟ್ಕೋಪರ್‌ವರೆಗೆ ಕೂತಿದ್ದರು. ಒಮ್ಮೆ ಡ್ರೈವರ್‌ಗೆ, “ಭಯ್ಯಾ, ಗಡ್ಡೇ ಮೇ ಧೀರೇ,” ಅಂದರು. ಗುಂಡಿ ಬಂದಲ್ಲಿ ನಿಧಾನ.

ಕ್ಲಿನಿಕ್ಕಿನಲ್ಲಿ ಮೀನನ್ನು ಬಿಟ್ಟಾಗ ಏನಾಯಿತು ಎಂಬುದು ಇತ್ಯರ್ಥವಾಗಿಲ್ಲ.

ನನಗೆ ನೆನಪಿರುವುದು ಇದು: ಮೀನು ಸುಮಾರು ಮೂರಡಿ ಮುಂದೆ ಹೋಯಿತು, ಏನೂ ಇಲ್ಲದ ನೀರಿನ ನಡುವೆ ತಿರುಗಿತು, ವಾಪಸು ಬಂತು. ತಿರುಗಿದ್ದು ಹಳೆಯ ಟ್ಯಾಂಕಿನಲ್ಲಾಗಿದ್ದರೆ ಗಾಜು ಇರುತ್ತಿದ್ದ ಜಾಗದಲ್ಲಿ. ಮತ್ತೆ ಹೋಯಿತು, ಅಲ್ಲೇ ತಿರುಗಿತು. ಉಳಿದ ಮೂರಡಿ ಖಾಲಿ ಬಿದ್ದಿತ್ತು.

ವೈನಿಯನ್ನು ಕೇಳಿದರೆ, “ಏನೂ ಇಲ್ಲ, ಬಿಟ್ಟ ಕೂಡ್ಲೆ ಬಾಣ ಹೋದಂಗ ಆ ತುದಿಗೆ ಹೋತು,” ಅನ್ನುತ್ತಾರೆ. ಡಾಕ್ಟರ್ ಬಾಯಿ ಹೇಳುವುದು ಬೇರೆ: ಅದು ಸಂಜೆಯವರೆಗೆ ಕಲ್ಲಿನ ಹಿಂದೆ ಅಡಗಿ ಕೂತಿತ್ತಂತೆ, ಈಜಲೇ ಇಲ್ಲವಂತೆ. ಮೂವರೂ ಒಂದೇ ಗಾಜಿನ ಮುಂದೆ ನಿಂತಿದ್ದೆವು. ನನ್ನ ಮೀನು ಗೋಡೆಯಿಲ್ಲದ ಕಡೆ ತಿರುಗುವುದು ನನ್ನ ಅಪರಾಧಕ್ಕೆ ತುಂಬ ಚೆನ್ನಾಗಿ ಹೊಂದುತ್ತದೆ. ಅಷ್ಟು ಚೆನ್ನಾಗಿ ಹೊಂದುವುದೇ ನನ್ನ ಅನುಮಾನಕ್ಕೆ ಕಾರಣ.

ಕುಳಿಗಳು ಮಾತ್ರ ಮೆಲ್ಲಗೆ ಮುಚ್ಚಿದವು. ಕಲೆ ಉಳಿಯಿತು. ಇದಕ್ಕೆ ಮೂವರ ಒಪ್ಪಿಗೆ ಇದೆ.

*

ಅಲ್ಲಿಂದ ಮುಂದೆ ನನ್ನ ಪದ್ಧತಿ ಬದಲಾಯಿತು. ಗಿರಾಕಿಯ ಮನೆಗೆ ಎರಡು ವಸ್ತು ಒಯ್ಯುತ್ತಿದ್ದೆ: ಒಂದು ಹೆಗಲಿಗೆ ಚೌಕಟ್ಟು, ಇನ್ನೊಂದು ಕೈಯಲ್ಲಿ ಪ್ಲೈವುಡ್ ಮೀನು. ಮಾದೇವಣ್ಣ ಅದನ್ನು ನನಗೇ ಕೊಟ್ಟಿದ್ದ. ಚೌಕಟ್ಟನ್ನು ನೆಲಕ್ಕಿಟ್ಟು, ಮನೆಯಲ್ಲಿದ್ದ ಡಬ್ಬಿಗಳನ್ನು ಕಲ್ಲಿನ ಜಾಗಕ್ಕೆ ಇರಿಸಿ, ಗಿರಾಕಿಯ ಕೈಯಿಂದಲೇ ಮೀನನ್ನು ತಿರುಗಿಸುತ್ತಿದ್ದೆ. ಎಷ್ಟೋ ಮಂದಿ ನಕ್ಕರು. ಕೆಲವರು ಮೂತಿ ತಾಗಿದ ಕೂಡಲೇ, ಬೇಡ, ಸಣ್ಣ ಮೀನನ್ನೇ ಕೊಡಿ ಎಂದರು. ಕೆಲವರು ಬೇರೆ ಅಂಗಡಿಗೆ ಹೋದರು. ಸೇಠ್ ಒಂದು ದಿನ, “ತೂ ಮಛಲೀ ಬೇಚತಾ ಹೈ ಯಾ ರೋಕತಾ ಹೈ?” ಎಂದು ಕೇಳಿದರು. ನೀನು ಮೀನು ಮಾರುತ್ತೀಯೋ, ತಡೆಯುತ್ತೀಯೋ? ಬೈಯಲಿಲ್ಲ. ಸಂಜೆ ಯಾರೂ ಇಲ್ಲದಾಗ ಆ ಪ್ಲೈವುಡ್ ಮೀನನ್ನು ಕೌಂಟರಿನ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡುತ್ತಿದ್ದರು.

ವೈನಿಗೆ ಆ ವರ್ಷದಿಂದ ಹಲ್ಲುನೋವು ಶುರುವಾಯಿತು. ಎರಡು ಮೂರು ತಿಂಗಳಿಗೊಮ್ಮೆ ಗೋರೆಗಾಂವ್‌ನಿಂದ ಘಾಟ್ಕೋಪರ್‌ಗೆ, ದಾರಿಯಲ್ಲಿ ಸಿಗುವ ಹತ್ತಾರು ಹಲ್ಲಿನ ಡಾಕ್ಟರ್‌ಗಳನ್ನು ದಾಟಿ ಹೋಗುತ್ತಿದ್ದರು. ಬೇಗ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ತಮ್ಮ ಸರದಿ ಬಂದರೆ ಹಿಂದಿನವರನ್ನು ಮುಂದೆ ಕಳಿಸುತ್ತಿದ್ದರು. ಡಾಕ್ಟರ್ ಬಾಯಿ ಒಮ್ಮೆ ನನಗೆ, “ನಿಮ್ಮ ವೈನಿಯಷ್ಟು ಗಟ್ಟಿ ಹಲ್ಲು ನಾನು ನೋಡಿಲ್ಲ,” ಅಂದರು.

ಕಳೆದ ತಿಂಗಳು ನಾನೂ ಅವರ ಜೊತೆ ಹೋಗಿದ್ದೆ. ಮೀನು ಅಲ್ಲಿಗೆ ಹೋಗಿ ಒಂಬತ್ತು ವರ್ಷವಾಗಿದೆ. ಅಂಗಡಿಯಲ್ಲಿ ಈಗ ಕೆಲಸ ಮಾಡುವವರಿಗೆ ಪ್ಲೈವುಡ್ ಮೀನನ್ನು ಕೊಡಬೇಕೆಂದು ಚೀಲದಲ್ಲಿ ಇಟ್ಟುಕೊಂಡಿದ್ದೆ. ವೈನಿ ಅದನ್ನು ಹೊರಗೆ ತೆಗೆದು, “ಹಿಡಿದು ನೋಡೋಣು,” ಅಂದರು.

ಗಾಜಿನ ಈ ಕಡೆಯಿಂದ ಅಳೆದರೆ ಲೆಕ್ಕ ತಪ್ಪುತ್ತದೆ ಎಂದು ಹೇಳಿದೆ. ನೀರು ಮೀನನ್ನು ಹತ್ತಿರ ಮಾಡಿ, ದೊಡ್ಡದು ಮಾಡಿ ತೋರಿಸುತ್ತದೆ. ಮೀನು ಗಾಜಿಗೇ ಮೈ ತಾಗಿಸಿ ನಿಂತರೆ ಮಾತ್ರ ಅಳತೆ ನಿಜ. ವೈನಿ ಎದ್ದು ಗಾಜಿನ ಹತ್ತಿರ ಹೋಗಿ ಸುಮ್ಮನೆ ನಿಂತರು. ಹೊಲಿಗೆ ಯಂತ್ರವಿರಲಿಲ್ಲ, ಸೂಜಿ ಇರಲಿಲ್ಲ. ಮೀನು ಆ ತುದಿಯಿಂದ ಬಂತು. ಬಂದು, ಗಾಜಿಗೆ ಮೈ ತಾಗಿಸಿ ಅಡ್ಡಡ್ಡ ನಿಂತಿತು. ನಾನು ಪ್ಲೈವುಡ್ಡನ್ನು ಮೂತಿಗೆ ಮೂತಿ ಸೇರಿಸಿ ಹಿಡಿದೆ.

ಬಾಲ ಎರಡು ಬೆರಳು ಹೊರಗೆ ಉಳಿಯಿತು.

ಇಷ್ಟು ವರ್ಷ ಎಲ್ಲರ ಮನೆಯ ನೆಲದ ಮೇಲೆ ನಾನು ತಿರುಗಿಸಿದ್ದು ಗಿಡ್ಡ ಮೀನು. ಅಂದು ಮೊಣಕೈಯಿಂದ ತೋರಿಸಿದ ಅಳತೆಯನ್ನೇ ಯಾರೂ ಮರಳಿ ಪರೀಕ್ಷಿಸಿರಲಿಲ್ಲ.

“ಬಸಣ್ಣಾ,” ವೈನಿ ಗಾಜಿನ ಕಡೆಯಿಂದ ಮುಖ ತಿರುಗಿಸದೆ ಕೇಳಿದರು, “ಈಗರೆ ಇದಕ್ಕ ಇಷ್ಟು ಸಾಕೇನು?”

ಮೀನು ಅವರ ಮುಂದಿನಿಂದ ಹೊರಟು ಆ ತುದಿಯವರೆಗೆ ಹೋಯಿತು. ಆರೂವರೆ ಅಡಿ. ಐದಾರು ಸಲ ಬಾಲ ಬಡಿಯುವಷ್ಟರಲ್ಲಿ ಮುಗಿಯಿತು. ತಿರುಗಿತು. ಈ ಸಲ ನಾನು ಮೀನನ್ನೇ ನೋಡುತ್ತಿದ್ದೆ.

“ಸಾಲಂಗಿಲ್ರಿ ವೈನಿ. ನಾವು ಕೊಡಾಕ ಆಗಿದ್ದರಾಗ ಇದು ದೊಡ್ಡದು, ಅಷ್ಟ.”

ಅವರು ಪ್ಲೈವುಡ್ ಮೀನನ್ನು ಮರಳಿ ಚೀಲಕ್ಕೆ ಹಾಕಿದರು. “ಅವತ್ತ ಹಿಂಗ ಅಂದಿದ್ರ ನಾವು ಮೀನ ತರ್ತಿದ್ದಿಲ್ಲ.”

“ಹೌದ್ರಿ.”

ಒಳಗಿನಿಂದ ಅವರ ಹೆಸರು ಕೂಗಿದರು. ಪಕ್ಕದಲ್ಲಿ ಕೂತಿದ್ದವರಿಗೆ, “ಆಪ್ ಜಾವ್,” ಎಂದು ಹೇಳಿ ಮತ್ತೆ ಬೆಂಚಿನ ಮೇಲೆ ಕೂತರು.

ಹೋದ ವಾರ ಮಾದೇವಣ್ಣ ಪ್ಲೈವುಡ್ ಮೀನಿನ ಬಾಲಕ್ಕೆ ಒಂದೂವರೆ ಇಂಚಿನ ತುಂಡು ಅಂಟಿಸಿಕೊಟ್ಟ. ಬಣ್ಣ ಹಚ್ಚಿ ಸಂದು ಮುಚ್ಚಲು ಹೊರಟಿದ್ದ, ಹಾಗೇ ಕಾಣಲಿ ಬಿಡು ಅಂದೆ. ಅದೀಗ ಅಂಗಡಿಯಲ್ಲಿ ಚೌಕಟ್ಟುಗಳ ಪಕ್ಕದ ಮೊಳೆಗೆ ನೇತಾಡುತ್ತಿದೆ. ಇನ್ನೂ ಬೆಳೆದರೆ ಅಂಟಿಸಲು ಬೇಕಾಗುತ್ತದೆಂದು ಅದೇ ಪ್ಲೈವುಡ್ಡಿನ ಒಂದು ಚೂರನ್ನು ದಾರದಿಂದ ಅದರ ಬೆನ್ನಿಗೆ ಕಟ್ಟಿಟ್ಟಿದ್ದೇನೆ.